ಪದಚರ್ಚೆ: ಆಸ್ಪತ್ರೆ ಕೋಡುಗಳ ‘ಪ್ರೊಸೀಜರ್’, ‘ಎಕ್ಸಿಷನ್’, ‘ಎಲೆಕ್ಟಿವ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ.

ನಾನು ಮೈಸೂರಿನಲ್ಲಿ ಮೆಡಿಕಲ್ ಕೋಡಿಂಗ್ ಕಲಿಸುತ್ತೇನೆ. ಡಾಕ್ಟರು ಬರೆದ ಆಪರೇಷನ್ ನೋಟ್ಸ್ ಓದಿ, ಏನೇನು ಮಾಡಿದ್ದಾರೆ ಅನ್ನುವುದನ್ನು ಅಕ್ಷರ, ಅಂಕಿಗಳಿಗೆ ಇಳಿಸುವ ಕೆಲಸ. ಸಾಫ್ಟ್‌ವೇರ್ ಬರೆಯುವ ಕೋಡಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳುವುದೇ ಒಂದು ಪಾಠ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರು ಜಾಸ್ತಿ, ಹಾಗಾಗಿ ತರಗತಿ ಅರ್ಧ ಕನ್ನಡದಲ್ಲೇ ನಡೆಯುತ್ತದೆ. ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲು ಕೂತಿದ್ದೇನೆ. ಕೆಲವು ಪದಗಳು ಮಾತ್ರ ಹಿಡಿತಕ್ಕೆ ಸಿಗುತ್ತಿಲ್ಲ. ಬಲ್ಲವರು ತಿಳಿಸಬೇಕು.

ಕೈಪಿಡಿ ಇರುವುದು ಬ್ರಿಟನ್ನಿನ ಎನ್‌ಎಚ್‌ಎಸ್ ಬಳಸುವ ಒಪಿಸಿಎಸ್-4 ಪಟ್ಟಿಯ ಬಗ್ಗೆ. 1948ರಿಂದ ನಡೆಯುತ್ತಿರುವ ಆ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಕಾಯಿಲೆ ಏನು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿ, ರೋಗಿಗೆ ಏನು ಮಾಡಿದರು ಅನ್ನುವುದಕ್ಕೆ ಈ ಪಟ್ಟಿ. ಹೆಸರು ಮಾತ್ರ ವಿಚಿತ್ರ. ಒಪಿಸಿಎಸ್ ಅಂದರೆ ಅಲ್ಲಿನ ಹಳೆಯ ಜನಗಣತಿ ಕಚೇರಿ. ಆ ಕಚೇರಿ 1996ರಲ್ಲಿ ಇನ್ನೊಂದರ ಜೊತೆ ಸೇರಿಹೋಯಿತು, ಹೆಸರು ಪಟ್ಟಿಗೆ ಅಂಟಿಕೊಂಡು ಉಳಿಯಿತು. ಕೋಡಿನ ಮೊದಲ ಅಕ್ಷರ ಹೆಚ್ಚಾಗಿ ದೇಹದ ಭಾಗ ಹೇಳುತ್ತದೆ: ಸಿ ಅಂದರೆ ಕಣ್ಣು, ಕೆ ಅಂದರೆ ಹೃದಯ. ಆಮೇಲೆ ಎರಡು ಅಂಕಿ, ಒಂದು ಚುಕ್ಕಿ, ಕೊನೆಗೆ ಇನ್ನೊಂದು ಅಂಕಿ.

ಈಗ ಪದಗಳಿಗೆ ಬರುತ್ತೇನೆ. ಮೊದಲ ತೊಡಕು ‘ಪ್ರೊಸೀಜರ್’. ‘ಕಾರ್ಯವಿಧಾನ’ ಅನ್ನೋಣವೆಂದರೆ ಅದು ಟೆಂಡರ್ ಕರೆಯುವ ಕಚೇರಿಯ ಮಾತು. ‘ಶಸ್ತ್ರಚಿಕಿತ್ಸೆ’ ಅಂದರೆ ಡಯಾಲಿಸಿಸ್, ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ಹೊರಗೆ ಉಳಿಯುತ್ತವೆ. ಆದರೆ ಅವೂ ಪಟ್ಟಿಯಲ್ಲಿವೆ. ಬರೀ ‘ಚಿಕಿತ್ಸೆ’ ಅಂದರೆ ದಿನಾ ನುಂಗುವ ಬಿಪಿ ಮಾತ್ರೆಯೂ ಒಳಗೆ ಬಂದುಬಿಡುತ್ತದೆ. ಅದಕ್ಕಿಲ್ಲಿ ಕೋಡ್ ಇಲ್ಲ. ಸ್ನೇಹಿತರೊಬ್ಬರು ‘ಚಿಕಿತ್ಸಾಕ್ರಿಯೆ’ ಅಂದರು. ನಮ್ಮ ಕಡೆ ಕ್ರಿಯೆ ಅಂದರೆ ಮೊದಲು ನೆನಪಾಗುವುದು ಉತ್ತರಕ್ರಿಯೆ. ಆಸ್ಪತ್ರೆಯಲ್ಲಿ ಆ ಮಾತು ಬೇಡ, ಅಲ್ವಾ? ಹಾಗಾಗಿ ‘ಪ್ರೊಸೀಜರ್’ ಅಂತಲೇ ಬಿಡೋಣ ಅನ್ನಿಸಿದೆ. ‘ಕೋಡ್’ ಕೂಡ ಹಾಗೇ ಇರಲಿ. ‘ಸಂಕೇತ’ ಅಂದರೆ ಹುಡುಗರಿಗೆ ಟ್ರಾಫಿಕ್ ಸಿಗ್ನಲ್ಲು ನೆನಪಾಗುತ್ತದೆ.

ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ವಿಂಗಡಣೆಯ ಗುರುತುಗಳಿವೆ. 2ಎ ಅಂದರೆ ದ್ವಿತೀಯ ಹಂತದ ಸರಳ ಪ್ರೊಸೀಜರ್‌ಗಳು, 2ಬಿ ಅದೇ ಹಂತದ ಕ್ಲಿಷ್ಟವಾದವು, 3ಎ ತೃತೀಯ ಹಂತದವು, 4ಎ ತುರ್ತಿನವು. ಮಂಡ್ಯದಲ್ಲಿ ನಿಂತು ಯಾರಿಗಾದರೂ “ನಿಮ್ಮದು 3ಎ” ಅಂದು ನೋಡಿ. ಜಾತಿ ಪ್ರಮಾಣಪತ್ರ ತಂದಿಲ್ಲವಲ್ಲ ಅಂದಾರು! ಮೀಸಲಾತಿ ಪಟ್ಟಿಯ 2ಎ, 2ಬಿ, 3ಎಗಳು ಅಷ್ಟು ಬಾಯಿಪಾಠ.

ನಿಜವಾದ ತಲೆನೋವು ‘ಎಕ್ಸಿಷನ್’. ಛೇದನ ಅಂತ ಬರೆಯುವ ರೂಢಿ ಇದೆ. ಆದರೆ ಛೇದನ ಅಂದರೆ ಬರೀ ಕೊಯ್ಯುವುದೋ, ಕೊಯ್ದು ತೆಗೆಯುವುದೋ? ತೆಗೆದರೆ ಎಷ್ಟು ತೆಗೆಯುವುದು? ಕೋಡ್ ಹಾಕುವವರಿಗೆ ಬೇಕಾದದ್ದೇ ಅದು. ಒಪಿಸಿಎಸ್‌ನಲ್ಲಿ ಸ್ತನವನ್ನು ಪೂರ್ತಿ ತೆಗೆದರೆ ಬಿ27. ಒಂದು ಭಾಗವನ್ನೋ ಗಡ್ಡೆಯನ್ನೋ ಮಾತ್ರ ತೆಗೆದರೆ ಬಿ28. ಎರಡನ್ನೂ ಅವರು ಎಕ್ಸಿಷನ್ ಅಂತಲೇ ಕರೆಯುತ್ತಾರೆ. ಅಮೆರಿಕದ ಆಸ್ಪತ್ರೆಗಳು 2015ರ ಅಕ್ಟೋಬರ್ 1ರಿಂದ ಒಳರೋಗಿಗಳಿಗೆ ಬಳಸುವ ಐಸಿಡಿ-10-ಪಿಸಿಎಸ್ ಅನ್ನುವ ಪ್ರೊಸೀಜರ್ ಪಟ್ಟಿಯಲ್ಲಿ ಹಾಗಲ್ಲ. ಅಲ್ಲಿ ಭಾಗ ತೆಗೆದರೆ ಎಕ್ಸಿಷನ್, ಪೂರ್ತಿ ತೆಗೆದರೆ ರಿಸೆಕ್ಷನ್. ಒಂದೇ ಇಂಗ್ಲಿಷ್ ಪದ ಎರಡು ದೇಶಗಳ ಪಟ್ಟಿಯಲ್ಲಿ ಎರಡು ಅಳತೆಯದು. ಎರಡನ್ನೂ ಕಲಿಯುವ ಮಕ್ಕಳು ಇಲ್ಲೇ ಎಡವುತ್ತಾರೆ. ಇಂಗ್ಲಿಷ್ ಪದ ಹಿಡಿದು ಕನ್ನಡ ಮಾಡಿದರೆ ನಾವೂ ಅವರ ಜೊತೆ ಎಡವುತ್ತೇವೆ.

ಅದಕ್ಕೇ ಜನರ ಮಾತನ್ನು ಗಮನಿಸತೊಡಗಿದೆ. ದೊಡ್ಡಾಸ್ಪತ್ರೆಯಿಂದ ಬಂದವರನ್ನು ಏನ್ ಮಾಡಿದ್ರು ಅಂತ ಕೇಳಿದರೆ ಯಾರೂ ನಾಮಪದ ಹೇಳುವುದಿಲ್ಲ. ಪೊರೆ ತೆಗೆದ್ರು, ಹಲ್ಲು ಕಿತ್ರು, ಸ್ಟಂಟ್ ಹಾಕಿದ್ರು, ಪೈಪ್ ಬಿಟ್ಟು ನೋಡಿದ್ರು, ಕೀವು ತೆಗೆದು ಕಟ್ಟು ಕಟ್ಟಿದ್ರು. ಎಲ್ಲ ಕ್ರಿಯಾಪದ. ಪಟ್ಟಿ ಕಟ್ಟಿದವರೂ ಕೇಳುವುದು ಅದನ್ನೇ: ಯಾವ ಅಂಗಕ್ಕೆ ಏನು ಮಾಡಿದಿರಿ, ಯಾವ ದಾರಿಯಿಂದ ಮಾಡಿದಿರಿ. ಗರ್ಭಕೋಶವನ್ನು ಹೊಟ್ಟೆ ಕೊಯ್ದು ತೆಗೆದರೆ ಕ್ಯೂ07, ಕೆಳಗಿನಿಂದ ತೆಗೆದರೆ ಕ್ಯೂ08. ನಮ್ಮ ಹೆಂಗಸರು ಹೇಳುವುದೂ ಹೀಗೇ.

ಕಣ್ಣಿನ ಪೊರೆಯದ್ದೇ ನೋಡಿ. ನಮ್ಮಲ್ಲಿ ಪೊರೆ ಆಪರೇಷನ್ ಅಂದರೆ ಮುಗಿಯಿತು. ಎನ್‌ಎಚ್‌ಎಸ್ ಕೋಡರ್ ಮಾತ್ರ ಅದನ್ನು ಬಿಡಿಸಿ ಬರೆಯುತ್ತಾರೆ. ಮೋಡಗಟ್ಟಿದ ಮಸೂರವನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರಿ ತೆಗೆದದ್ದಕ್ಕೆ ಸಿ71.2. ಆ ಜಾಗದಲ್ಲಿ ಲೆನ್ಸ್ ಕೂರಿಸಿದ್ದಕ್ಕೆ ಸಿ75.1. ಎಡಗಡೆಯದು ಅನ್ನಲು ಜೆಡ್94.3, ಬಲಗಡೆಯದಾದರೆ ಜೆಡ್94.2. ಕನ್ನಡದಲ್ಲಿ ‘ಎಡಗಣ್ಣಿನ ಪೊರೆ ಹೀರಿ ತೆಗೆದು ಲೆನ್ಸ್ ಕೂರಿಸಿದರು’ ಅಂದರೆ ಮೂರು ಕೋಡೂ ಅದರಲ್ಲೇ ಇವೆ. ತರಗತಿಯಲ್ಲಿ ಈ ವಾಕ್ಯ ಬರೆದು ಒಂದೊಂದು ಪದಕ್ಕೂ ಗೆರೆ ಎಳೆಸುತ್ತೇನೆ. ಅಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ.

ವಾಕ್ಯವೇನೋ ಸರಿ, ಪಟ್ಟಿಯ ತಲೆಬರಹಕ್ಕೆ ನಾಮಪದ ಬೇಕೇ ಬೇಕು. ‘ತೆಗೆಯುವಿಕೆ’ ಬಾಯಲ್ಲಿ ಹೊರಳುವುದಿಲ್ಲ. ಕೊಯ್ತ, ಕಡಿತ, ಸೆಳೆತ ಇರುವಾಗ ‘ತೆಗೆತ’ ಯಾಕಾಗಬಾರದು? ‘ಪೂರ್ತಿ ತೆಗೆತ’, ‘ಭಾಗ ತೆಗೆತ’ ಅಂತ ಬರೆದರೆ ಎರಡು ದೇಶದ ಗೊಂದಲವೂ ತಪ್ಪುತ್ತದೆ. ನನ್ನ ಕಿವಿಗೆ ಇದು ಒಗ್ಗಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಹೇಳಿ. ‘ಹೊಲಿಗೆ’ಗೆ ಈ ತೊಂದರೆ ಇಲ್ಲ, ಅದು ಮೊದಲೇ ನಾಮಪದ.

ಮುಂದಿನದು ‘ಎಲೆಕ್ಟಿವ್’. ಆರ್17 ಅಂದರೆ ಎಲೆಕ್ಟಿವ್ ಸಿಸೇರಿಯನ್, ಆರ್18 ಉಳಿದ ಸಿಸೇರಿಯನ್. ‘ಐಚ್ಛಿಕ ಸಿಸೇರಿಯನ್’ ಅಂತ ಬರೆದಿದ್ದನ್ನು ನೋಡಿದ್ದೇನೆ. ಬಿಎಯ ಐಚ್ಛಿಕ ಕನ್ನಡದ ಹಾಗೆ, ಬೇಕಾದವರು ತೆಗೆದುಕೊಳ್ಳಿ ಅಂದಂತಿದೆ! ಇಲ್ಲಿ ಇಷ್ಟಾನಿಷ್ಟದ ಪ್ರಶ್ನೆಯೇ ಇಲ್ಲ. ನೋವು ಶುರುವಾಗುವ ಮೊದಲೇ ಡಾಕ್ಟರು ದಿನ ಇಟ್ಟಿದ್ದಾರೆ, ಅಷ್ಟೆ. ಮಗು ಅಡ್ಡ ತಿರುಗಿದೆ ಅಂತ ದಿನ ಇಟ್ಟರೂ ಅದು ಎಲೆಕ್ಟಿವ್ವೇ. ‘ಪೂರ್ವನಿಯೋಜಿತ’ ಅಂದರೆ ಪೇಪರಿನ ಕೊಲೆ ಸುದ್ದಿ ಆಗುತ್ತದೆ. ನನಗೆ ಹಿಡಿಸಿದ್ದು ‘ದಿನ ಗೊತ್ತುಮಾಡಿದ ಸಿಸೇರಿಯನ್’. ಮದುವೆ ಗೊತ್ತುಮಾಡುವ ಜನಕ್ಕೆ ಇದು ತಟ್ಟನೆ ತಿಳಿಯುತ್ತದೆ. ಅಪೆಂಡಿಕ್ಸ್ ಪುಟದಲ್ಲಿ ಇದೇ ವಿಂಗಡಣೆ ತಿರುವುಮುರುವು: ಎಚ್01 ತುರ್ತಾಗಿ ತೆಗೆದದ್ದು, ಎಚ್02 ಉಳಿದದ್ದು. ಹಾಗಾಗಿ ‘ಉಳಿದದ್ದು’ ಅಂದರೆ ಏನು ಅನ್ನುವುದು ಪುಟ ನೋಡದೆ ಗೊತ್ತಾಗುವುದಿಲ್ಲ.

ಕೊನೆಯದು, ನನ್ನನ್ನು ತುಂಬ ಕಾಡಿಸುತ್ತಿರುವುದು ‘ಇತರೆ’. ಒಪಿಸಿಎಸ್‌ನಲ್ಲಿ ಚುಕ್ಕಿಯ ಮುಂದೆ 8 ಬಂದರೆ, ಡಾಕ್ಟರು ಏನು ಮಾಡಿದೆ ಅಂತ ಸರಿಯಾಗಿ ಬರೆದಿದ್ದಾರೆ, ಪಟ್ಟಿಯಲ್ಲಿ ಮಾತ್ರ ಅದಕ್ಕೆ ಬೇರೆ ಮನೆ ಇಲ್ಲ ಅಂತ ಅರ್ಥ. 9 ಬಂದರೆ, ಡಾಕ್ಟರು ಬಿಡಿಸಿ ಬರೆದೇ ಇಲ್ಲ ಅಂತ. ಕ್ಯೂ07.8, ಕ್ಯೂ07.9 ಎರಡೂ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದದ್ದೇ. ಮೊದಲನೆಯದರಲ್ಲಿ ಬಗೆ ಗೊತ್ತು, ಎರಡನೆಯದರಲ್ಲಿ ಗೊತ್ತಿಲ್ಲ. ಕನ್ನಡದ ಫಾರಂಗಳಲ್ಲಿ ಎರಡಕ್ಕೂ ‘ಇತರೆ’ ಒಂದೇ. ಒಂಬತ್ತುಗಳು ರಾಶಿ ಬಿದ್ದರೆ ನೋಟ್ಸ್ ಬರೆಯುವವರನ್ನು ಕೇಳಬೇಕು, ಎಂಟುಗಳು ರಾಶಿ ಬಿದ್ದರೆ ಪಟ್ಟಿ ಮಾಡಿದವರನ್ನು ಕೇಳಬೇಕು. ಎರಡನ್ನೂ ಕಲಸಿಬಿಟ್ಟರೆ ಯಾರನ್ನು ಕೇಳುವುದು?

ಒಬ್ಬ ವಿದ್ಯಾರ್ಥಿನಿ 9ಕ್ಕೆ ‘ಬರೆದಿಲ್ಲ’, 8ಕ್ಕೆ ‘ಪಟ್ಟಿಯಲ್ಲಿಲ್ಲ’ ಅಂತ ಸೂಚಿಸಿದಳು. ಮೊದಲನೆಯದು ಸೊಗಸಾಗಿದೆ, ಹಾಗೇ ಇಟ್ಟುಕೊಂಡೆ. ಎರಡನೆಯದರಲ್ಲಿ ಒಂದು ಪೇಚು ಇದೆ. ಯೋಜನೆಯ ಕೌಂಟರಿನಲ್ಲಿ ‘ಪಟ್ಟಿಯಲ್ಲಿಲ್ಲ’ ಅಂದರೆ ಇದಕ್ಕೆ ದುಡ್ಡು ಬರುವುದಿಲ್ಲ ಅಂತ ಅರ್ಥ. ಈ ಮಕ್ಕಳಲ್ಲಿ ಕೆಲವರು ನಾಳೆ ಅಂಥ ಕೌಂಟರಿನಲ್ಲೇ ಕೂರುವವರು. ‘ಬೇರೆ ಬಗೆ’ ಅಂದರೆ ಸಾಕೇ? ಕಂದಾಯ ಇಲಾಖೆಯವರು, ಗ್ರಂಥಾಲಯದವರು ಇಂಥ ಪಟ್ಟಿಗಳ ಜೊತೆ ಏಗಿದವರು. ಹೆಸರು ಗೊತ್ತಿದ್ದೂ ಮನೆ ಸಿಗದ ಬಾಬ್ತಿಗೆ ನಿಮ್ಮ ರಿಜಿಸ್ಟರಿನಲ್ಲಿ ಏನಂತ ಬರೆಯುತ್ತೀರಿ?