ಮಗನ ಗೆಳೆಯನನ್ನು ನಮ್ಮ ಜೊತೆ ಟ್ರಿಪ್‌ಗೆ ಕರೆದುಕೊಂಡು ಹೋಗಬಹುದಾ? ಯಾವ ವಯಸ್ಸಿಗೆ ಸರಿ?

ಜಲನಗರದ ಅವ್ವ, ವಿಜಯಪುರ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಮನೆಯಲ್ಲಿ ಈಗ ಊಟಕ್ಕೆ ಕೂತರೂ ಇದೇ ಮಾತು, ಮಲಗಲು ಹೋದರೂ ಇದೇ ಮಾತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೇ ಮೊದಲ ವಾರ ಗೋಕರ್ಣ, ಮುರುಡೇಶ್ವರಕ್ಕೆ ಹೋಗಬೇಕು ಅಂತ ಇದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಆರನೇ ಕ್ಲಾಸ್ ಮುಗಿಸಿದ ಮಗ, ಎರಡನೇ ಕ್ಲಾಸಿನ ಮಗಳು. ಅತ್ತೆಗೆ ಮಹಾಬಲೇಶ್ವರನ ಹರಕೆ ಬಾಕಿ ಇದೆ. ಉಳಿದವರಿಗೆ ಸಮುದ್ರ ನೋಡುವ ಆಸೆ.

ಮಗನದು ಒಂದೇ ಹಟ. ಹಿಂದಿನ ಓಣಿಯ ಗೆಳೆಯ ಬರಬೇಕು, ಇಲ್ಲದಿದ್ದರೆ ತಾನೂ ಬರುವುದಿಲ್ಲ. ಹುಡುಗ ಒಳ್ಳೆಯವನೇ. ಇಬ್ಬರೂ ಒಂದೇ ಕ್ಲಾಸು, ಸಂಜೆಯಾದರೆ ಕ್ರಿಕೆಟ್ ಬ್ಯಾಟ್ ಹಿಡಿದು ನಮ್ಮ ಗೇಟಿನ ಹತ್ತಿರವೇ ಇರುತ್ತಾನೆ. ಅವನ ತಂದೆ ಪುಣೆಯಲ್ಲಿ ಕೆಲಸ, ತಾಯಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನನ್ನ ಮಗ ನನ್ನನ್ನು ಕೇಳುವ ಮೊದಲೇ ಅವನನ್ನು ಕರೆದು ಬಿಟ್ಟಿದ್ದಾನೆ! ಆ ತಾಯಿ ನಿನ್ನೆ ಬಂದು "ವೈನಿ, ಇವನ ಖರ್ಚು ಎಷ್ಟು ಆಗುತ್ತೆ ಹೇಳ್ರಿ, ಕೊಡ್ತೇನಿ" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಚಹಾ ಇಟ್ಟೆ.

ಯಜಮಾನರು ಬೇಡ ಅಂತಾರೆ. "ನಮ್ಮ ಹುಡುಗ ಬಿದ್ದು ಕೈ ಮುರ್ಕೊಂಡ್ರೆ ಅದು ನಮ್ಮ ಹಣೆಬರಹ. ಮಂದಿ ಹುಡುಗ ಬಿದ್ರೆ ಏನ್ ಉತ್ತರ ಕೊಡ್ತೀ?" ಅದೂ ನಿಜ ಅನಿಸುತ್ತದೆ. ಕಾರು ಐದು ಸೀಟಿನದು. ಮಕ್ಕಳೇ ಅಲ್ವಾ, ಹಿಂದೆ ನಾಲ್ಕು ಜನ ಅಡ್ಜಸ್ಟ್ ಆಗುತ್ತೇವೆ ಅಂತ ನನ್ನ ಲೆಕ್ಕ. ಇನ್ನೊಂದು, ಅವರ ಮನೆಯಲ್ಲಿ ಶುದ್ಧ ಸಸ್ಯಾಹಾರ. ನಾವು ಸಮುದ್ರದ ಕಡೆ ಹೋಗುವುದೇ ಅರ್ಧ ಮೀನಿಗೆ.

ಆರನೇ ಕ್ಲಾಸ್ ಅಂದರೆ ಸಣ್ಣವರಾ, ದೊಡ್ಡವರಾ? ನೀವು ಯಾವಾಗ ಒಪ್ಪಿದಿರಿ?

ನವನಗರದ ಕಾಕಾ, ಬಾಗಲಕೋಟೆ

ತಂಗಿ, ಮೊದಲು ಆ ಅಡ್ಜಸ್ಟ್ ಮಾತು ಬಿಡು. ಐದು ಸೀಟಿನ ಕಾರಿನಲ್ಲಿ ಹಿಂದೆ ಬೆಲ್ಟ್ ಇರುವುದು ಮೂರು. ನಾಲ್ಕನೆಯವನು ಯಾರು? ಮಂದಿ ಹುಡುಗನೇ ಆಗುತ್ತಾನೆ, ಮುಂದೆ ಜಾರಿ ಕೂರುವವನು ಅವನೇ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಹಾಕದೆ ಕೂರಿಸಿಕೊಂಡರೆ 1000 ರೂಪಾಯಿ ದಂಡ ಅಂತ ಸೇರಿಸಿದ್ದಾರೆ. ದಂಡ ಹೋಗಲಿ, ಕಟ್ಟಬಹುದು. ನಿಮ್ಮ ದಾರಿ ನೋಡು. ಕೊಲ್ಹಾರ, ಬೀಳಗಿ, ನರಗುಂದ, ಹುಬ್ಬಳ್ಳಿ, ಯಲ್ಲಾಪುರ. ಅಂಕೋಲಾವರೆಗೂ ಒಂದೇ ಹೆದ್ದಾರಿ, ಲಾರಿ ಅಂದ್ರೆ ಲಾರಿ. ಕರೆದುಕೊಂಡು ಹೋಗುವುದಾದರೆ ಏಳು ಸೀಟಿನ ಬಾಡಿಗೆ ಗಾಡಿ ಮಾಡಿ. ಅದಕ್ಕೆ ದುಡ್ಡು ಹೊಂದದಿದ್ದರೆ ಪ್ರಶ್ನೆ ಇಲ್ಲಿಗೇ ಮುಗಿಯಿತು.

ಇನ್ನು ವಯಸ್ಸು. ನಾನು ವಯಸ್ಸು ನೋಡುವುದೇ ಇಲ್ಲ. ಆ ಹುಡುಗ ನಿನ್ನ ಹತ್ತಿರ ಬಾಯಿ ಬಿಟ್ಟು ಮಾತಾಡುತ್ತಾನಾ, ಅಷ್ಟು ನೋಡು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್ ಬರುತ್ತದೆ, ತಿರುವಿನ ಮೇಲೆ ತಿರುವು. ನಿನ್ನ ಮಗ "ಅವ್ವಾ, ವಾಂತಿ" ಅಂತ ಒದರುತ್ತಾನೆ. ಮಂದಿ ಹುಡುಗ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂರುತ್ತಾನೆ, ಆಗುವುದು ಆದ ಮೇಲೆ ತಲೆ ತಗ್ಗಿಸುತ್ತಾನೆ. ನೀರು ಬೇಕಾದರೆ ನಿನ್ನನ್ನೇ ನೇರ ಕೇಳುವ ಹುಡುಗ ಆರನೇ ಕ್ಲಾಸಿಗೂ ತಯಾರು. ನಿನ್ನ ಮಗನ ಕಿವಿಯಲ್ಲಿ ಹೇಳಿ ಅವನಿಂದ ಕೇಳಿಸುವವನು ಹತ್ತನೇ ಕ್ಲಾಸಿಗೂ ತಯಾರಿಲ್ಲ.

ಇದನ್ನು ಗೋಕರ್ಣಕ್ಕೆ ಹೋಗಿ ತಿಳಿದುಕೊಳ್ಳುವುದು ಬೇಡ. ಒಂದು ಭಾನುವಾರ ಬಾದಾಮಿಗೆ ಬನ್ನಿ, ಬೆಳಿಗ್ಗೆ ಹೊರಟರೆ ರಾತ್ರಿ ಮನೆ. ಗುಹೆಯ ಮೆಟ್ಟಿಲು ಹತ್ತಿಸಿ. ಮಂಗಗಳು ಕೈಯಲ್ಲಿನ ಪೊಟ್ಟಣ ಕಸಿದುಕೊಳ್ಳುತ್ತವೆ, ಆಗ ಹುಡುಗ ಯಾರ ಕಡೆ ಓಡುತ್ತಾನೆ ನೋಡು. ಮಧ್ಯಾಹ್ನ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ತಗೊಳ್ಳಿ. ಇನ್ನೊಂದು ರೊಟ್ಟಿ ಬೇಕು ಅಂತ ತಾನೇ ಕೇಳಿದನಾ? ಕೇಳಿದರೆ ಕರೆದುಕೊಂಡು ಹೋಗು. ಮುಂದೆ ಒಂದು ರಾತ್ರಿ ನಿಮ್ಮ ಮನೆಯಲ್ಲೇ ಮಲಗಿಸಿಕೊಳ್ಳಿ. ಹತ್ತು ಗಂಟೆಗೆ "ಮನೆಗೆ ಹೋಗ್ತೀನಿ" ಅಂದರೆ ಹಿಂದಿನ ಓಣಿ ತಾನೇ, ಬಿಟ್ಟು ಬರಬಹುದು. ಮುರುಡೇಶ್ವರದಿಂದ ಬಿಟ್ಟು ಬರಲು ಆಗುತ್ತದಾ?

ಟಿಳಕವಾಡಿ ಸಿಸ್ಟರ್, ಬೆಳಗಾವಿ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ತವರು ಕುಮಟಾ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಆ ತಾಯಿಯ ಜೊತೆ ಒಬ್ಬರೇ ಕೂತು ಮಾತಾಡಿ, ಮಕ್ಕಳು ಎದುರಿಗೆ ಇರಬಾರದು. ದಮ್ಮು, ಫಿಟ್ಸ್, ಯಾವುದಾದರೂ ಮಾತ್ರೆ ಆಗದಿರುವುದು, ಶೇಂಗಾ ತಿಂದರೆ ಮೈ ಕಡಿಯುವುದು, ಎಲ್ಲಾ ಕೇಳಿ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನಾ ಅಂತಲೂ ಕೇಳಿ. ಹತ್ತು, ಹನ್ನೊಂದು ವರ್ಷದಲ್ಲೂ ಕೆಲವು ಮಕ್ಕಳಿಗೆ ಅದು ಇರುತ್ತದೆ, ಯಾರೂ ಹೊರಗೆ ಹೇಳುವುದಿಲ್ಲ. ಮೊದಲೇ ಗೊತ್ತಿದ್ದರೆ ಒಂದು ಪ್ಲಾಸ್ಟಿಕ್ ಹಾಳೆ, ಒಂದು ಜಾಸ್ತಿ ಚಡ್ಡಿ, ಅಷ್ಟೇ ಕೆಲಸ. ಗೊತ್ತಿಲ್ಲದೆ ನಿಮ್ಮ ಮಗನ ಎದುರು ಬಯಲಾದರೆ ಆ ಹುಡುಗ ಮತ್ತೆ ನಿಮ್ಮ ಗೇಟಿನ ಹತ್ತಿರ ಬರುವುದಿಲ್ಲ.

ತಂದೆ ತಾಯಿ ಸಹಿ ಮಾಡಿದ ಒಂದು ಚೀಟಿ ಇಟ್ಟುಕೊಳ್ಳಿ. ನಮ್ಮ ಮಗ ಇಂಥವರ ಜೊತೆ ಈ ದಿನದಿಂದ ಈ ದಿನದವರೆಗೆ ಹೋಗುತ್ತಿದ್ದಾನೆ, ತುರ್ತು ಚಿಕಿತ್ಸೆಗೆ ನಮ್ಮ ಒಪ್ಪಿಗೆ ಇದೆ, ನಮ್ಮ ನಂಬರ್ ಇದು. ಆಧಾರ್ ಜೆರಾಕ್ಸ್ ಜೊತೆಗೆ. ಜೀವಕ್ಕೆ ಅಪಾಯ ಇದ್ದರೆ ಡಾಕ್ಟರು ಯಾರ ಸಹಿಗೂ ಕಾಯುವುದಿಲ್ಲ. ಆದರೆ ಕೈ ಮುರಿದು ಆಪರೇಷನ್ ಅಂತಾದರೆ 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಕೇಳುತ್ತಾರೆ. ಪುಣೆಯಲ್ಲಿರುವ ತಂದೆಯ ಫೋನ್ ಹತ್ತುವಂತಿರಲಿ. ನಿಮ್ಮ ಯಜಮಾನರು ಕೇಳಿದ "ಏನ್ ಉತ್ತರ ಕೊಡ್ತೀ" ಅನ್ನುವುದಕ್ಕೆ ಚೀಟಿ ಪೂರ್ತಿ ಉತ್ತರ ಅಲ್ಲ, ಆದರೆ ಆ ರಾತ್ರಿ ಪರದಾಟ ತಪ್ಪುತ್ತದೆ.

ಇನ್ನು ಸಮುದ್ರ. ಬಯಲುಸೀಮೆಯ ಮಕ್ಕಳಿಗೆ ಈಜು ಬಂದರೂ ಸಮುದ್ರ ಬರುವುದಿಲ್ಲ. ದಡಕ್ಕೆ ಬಂದ ಅಲೆಯ ನೀರು ಒಂದು ಕಡೆ ಸೇರಿ ಹೊಳೆಯ ಹಾಗೆ ಒಳಗೆ ಎಳೆಯುತ್ತದೆ. ಆ ಜಾಗದಲ್ಲಿ ಅಲೆ ಕಡಿಮೆ ಕಾಣುತ್ತದೆ, ಹೊರಗಿನವರು ಶಾಂತ ಇದೆ ಅಂತ ಅಲ್ಲೇ ಇಳಿಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ಹೆದರಿಸಲು ಹೇಳುತ್ತಿಲ್ಲ. ಇಬ್ಬರು ಹುಡುಗರು ಸೇರಿದರೆ ಒಬ್ಬನಿಗೆ ಇಲ್ಲದ ಧೈರ್ಯ ಇಬ್ಬರಿಗೂ ಬರುತ್ತದೆ. "ನೀ ಅಲ್ಲಿ ತನಕ ಹೋಗ್ತೀಯಾ?" ಅಂತ ಶುರುವಾಗುತ್ತದೆ. ಮೊಣಕಾಲು ನೀರು, ಅಷ್ಟೇ. ನಿಮ್ಮ ಯಜಮಾನರು ದಡದ ಮೇಲೆ ಮೊಬೈಲ್ ಹಿಡಿದು ಕೂರುವುದಲ್ಲ, ಕೈಗೆ ಸಿಗುವಷ್ಟು ದೂರದಲ್ಲಿ ನೀರಿನಲ್ಲೇ ನಿಲ್ಲಬೇಕು. ಗಾರ್ಡ್ ಸೀಟಿ ಊದಿದರೆ ಎದ್ದು ಬರಬೇಕು. ಆ ಹುಡುಗ ನಿಮ್ಮ ಒಂದು ಮಾತಿಗೆ ವಾಪಸ್ ಬರುವವನಾ? ನಿಮ್ಮ ಮಗ ಬರುತ್ತಾನಾ? ಇವನು ಬಾರದಿದ್ದರೆ ಅವನನ್ನು ಕರೆಯಲೇಬೇಡಿ.

ಜಲನಗರದ ಅವ್ವ

ಸಿಸ್ಟರ್, ಹಾಸಿಗೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಕಾಕಾ, ಅಡ್ಜಸ್ಟ್ ಮಾತು ವಾಪಸ್ ತಗೊಂಡೆ. ಬೈಬೇಡಿ.

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ತಗೊಳ್ಳಲಾ, ಬೇಡವಾ? ಬೇಡ ಅಂದರೆ ಆಕೆ ಕಳಿಸಲಿಕ್ಕಿಲ್ಲ ಅನಿಸುತ್ತದೆ.

ಗೋಕಾಕದ ಮಾಸ್ತರ

ನಾನು ನಿವೃತ್ತ ಶಿಕ್ಷಕ. ನನ್ನ ಅಭಿಪ್ರಾಯ ಬೇರೆ, ಈ ಸಲ ಕರೆದುಕೊಂಡು ಹೋಗಬೇಡಿ.

ನಿಮ್ಮ ಮಗಳ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅಣ್ಣನ ಜೊತೆ ಅಣ್ಣನ ಗೆಳೆಯ ಬಂದರೆ ಆ ಕೂಸು ಮರಳಿನಲ್ಲಿ ಯಾರ ಜೊತೆ ಗುಡಿ ಕಟ್ಟಬೇಕು? ಊರಲ್ಲಿ ಅಣ್ಣನಿಗೆ ಶಾಲೆ, ಕ್ರಿಕೆಟ್, ಟ್ಯೂಷನ್. ತಂಗಿಗೆ ಅವನು ಪೂರ್ತಿ ಸಿಗುವುದೇ ಇಂಥ ಪ್ರವಾಸದಲ್ಲಿ. ಬೇರೆ ದಾರಿ ಇಲ್ಲದೆ ಆಡುತ್ತಾರೆ, ಜಗಳವಾಡುತ್ತಾರೆ, ಮತ್ತೆ ಆಡುತ್ತಾರೆ. ನಿಮ್ಮ ಅತ್ತೆಯವರನ್ನೂ ನೆನೆಯಿರಿ. ಗುಡಿಯಲ್ಲಿ ಕೈ ಹಿಡಿದು ನಡೆಸಲು ಮೊಮ್ಮಗ ಬೇಕು. ಗೆಳೆಯ ಜೊತೆಗಿದ್ದರೆ ಮೊಮ್ಮಗ ಕೋಟಿತೀರ್ಥದ ಹೊಂಡದ ಹತ್ತಿರ ಕಾಣೆಯಾಗಿರುತ್ತಾನೆ.

ಹಟ ಮಾಡಿ ಬೆದರಿಸಿದ್ದಕ್ಕೆ ಬಹುಮಾನ ಬೇರೆ. ಕೇಳದೆ ಕರೆದದ್ದು ಅವನು. ತಪ್ಪಾಯಿತು ಅಂತ ಗೆಳೆಯನ ಮನೆಗೆ ಹೋಗಿ ಅವನೇ ಹೇಳಲಿ.

ಆದರೂ ಒಯ್ಯುವುದಾದರೆ ದುಡ್ಡಿನ ಮಾತಿಗೆ ಉತ್ತರ. ಪೂರ್ತಿ ಬೇಡ ಅಂದರೆ ಆ ತಾಯಿಗೆ ಋಣ ಆಗುತ್ತದೆ, ಪೂರ್ತಿ ತಗೊಂಡರೆ ಅವಳಿಗೆ ಭಾರ. ರೂಮು, ಗಾಡಿ ನಮ್ಮ ಲೆಕ್ಕ, ನಾವು ಹೇಗೂ ಹೋಗುವವರೇ ಅನ್ನಿ. ದಾರಿಗೆ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ನೀವೇ ಮಾಡಿ ಕೊಡ್ರಿ ಅಂತ ಕೇಳಿ. ಆಕೆ ಎರಡು ದಿನ ಒಲೆ ಮುಂದೆ ಕೂತು ಡಬ್ಬಿ ತುಂಬ ಕಳಿಸುತ್ತಾಳೆ. ಅದನ್ನು ಹುಬ್ಬಳ್ಳಿ ದಾಟಿದ ಮೇಲೆ ಎಲ್ಲರೂ ಕೂತು ತಿನ್ನಿ, ಆ ಹುಡುಗನ ಎದುರಿಗೇ. ನಾಲ್ಕು ಜನಕ್ಕೆ ಅವನ ಅವ್ವ ಉಣಬಡಿಸಿದಳು ಅಂತ ಅವನಿಗೆ ಗೊತ್ತಾಗಬೇಕು. ಕೈಖರ್ಚಿಗೆ ಅವರು ಕೊಟ್ಟದ್ದನ್ನು ನೀವೇ ಇಟ್ಟುಕೊಂಡು ಇಬ್ಬರು ಹುಡುಗರಿಗೂ ಸಮ ಸಮ ಕೊಡಿ. ನಿಮ್ಮವನಿಗೆ ಎರಡು ಐಸ್‌ಕ್ರೀಮು, ಅವನಿಗೆ ಒಂದು ಅಂತ ಆಗಬಾರದು.

ಹಾಸ್ಟೆಲ್ ಹುಡುಗಿ, ಬೆಳಗಾವಿ

ಇಲ್ಲಿ ಎಲ್ಲರೂ ಕರೆದುಕೊಂಡು ಹೋಗುವವರು. ನಾನು ಕರೆಸಿಕೊಂಡು ಹೋದವಳು. ಎಂಟನೇ ಕ್ಲಾಸಿನಲ್ಲಿ ಗೆಳತಿಯ ಮನೆಯವರ ಜೊತೆ ಮಾಲ್ವಣಕ್ಕೆ ಹೋಗಿದ್ದೆ. ಖುಷಿ ಬಹಳ ಆಯ್ತು, ಮೊದಲೇ ಹೇಳಿಬಿಡುತ್ತೇನೆ.

ಆದರೆ ಕೆಲವು ವಿಷಯ ದೊಡ್ಡವರಿಗೆ ಕಾಣುವುದಿಲ್ಲ. ಬಾತ್‌ರೂಮಿಗೆ ಗಾಡಿ ನಿಲ್ಲಿಸಿ ಅಂತ ಅಂಕಲ್‌ಗೆ ಹೇಳಲು ನಾಚಿಕೆ, ಅದಕ್ಕೆ ನಾನು ನೀರೇ ಕುಡಿಯುತ್ತಿರಲಿಲ್ಲ. ಮೆನು ಕೊಟ್ಟು "ನಿನಗೆ ಏನು ಬೇಕಮ್ಮ?" ಅಂತ ಕೇಳುತ್ತಿದ್ದರು. ನಾನು ಬಲಗಡೆಯ ರೇಟು ನೋಡಿ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಹೇಳುತ್ತಿದ್ದೆ. ಆಂಟಿ ಎರಡನೇ ದಿನ ಗಮನಿಸಿದರು ಅನಿಸುತ್ತದೆ, ಕೇಳುವುದು ಬಿಟ್ಟು ಎಲ್ಲರಿಗೂ ಅವರೇ ಆರ್ಡರ್ ಮಾಡಿದರು. ಅಬ್ಬಾ, ನಿರಾಳ. ನಿಮ್ಮ ಹುಡುಗ ಸಸ್ಯಾಹಾರಿ ಅಲ್ವಾ? ಮೀನಿನ ಹೋಟೆಲಿನಲ್ಲಿ ಅವನನ್ನು ಮೂಲೆಗೆ ಕೂರಿಸಿ ಬರೀ ಅನ್ನ, ಮೊಸರು ಕೊಡಿಸಬೇಡಿ. ಗೋಕರ್ಣದಲ್ಲಿ ಸಸ್ಯಾಹಾರಿ ಊಟಕ್ಕೆ ಬರ ಇಲ್ಲ. ಒಂದು ಹೊತ್ತು ಎಲ್ಲರೂ ಅಲ್ಲಿ, ಒಂದು ಹೊತ್ತು ಮೀನು.

ಅಂಕಲ್, ಆಂಟಿ ದಾರಿ ತಪ್ಪಿದ್ದಕ್ಕೆ ಜಗಳ ಆಡಿದರು. ಗೆಳತಿಗೆ ಅದು ದಿನದ ಮಾತು, ಅವಳು ಕಿಟಕಿಯಲ್ಲಿ ನೋಡುತ್ತಿದ್ದಳು. ನನಗೆ ನನ್ನಿಂದಲೇ ಆಯ್ತೇನೋ ಅಂತ ಹೊಟ್ಟೆಯಲ್ಲಿ ಸಂಕಟ. ಮೂರನೇ ದಿನ ನಮ್ಮಿಬ್ಬರಿಗೂ ಮಾತು ಬಿಟ್ಟಿತು, ಕಾರಣ ಈಗ ನೆನಪೂ ಇಲ್ಲ. ಒಂದೇ ಮಂಚ, ಮಾತಿಲ್ಲ. ಆಂಟಿ ನನ್ನನ್ನು ಅವರ ಜೊತೆ ಪೇಟೆಗೆ ಕರೆದುಕೊಂಡು ಹೋದರು, ಬರುವಷ್ಟರಲ್ಲಿ ಸರಿಯಾಗಿತ್ತು. ಐದು ದಿನ ಜಾಸ್ತಿ ಆಯ್ತು ಅಕ್ಕಾ. ಎರಡು ರಾತ್ರಿಯ ಟ್ರಿಪ್ ಮೊದಲ ಸಲಕ್ಕೆ ಸಾಕು. ರಾತ್ರಿ ಊಟದ ಮೊದಲು ಅವನ ಅವ್ವನಿಗೆ ಫೋನ್ ಹಚ್ಚಿ ಕೊಡಿ, "ಮಾಡ್ತೀಯಾ?" ಅಂತ ಕೇಳಬೇಡಿ. ಕೇಳಿದರೆ ಬೇಡ ಅಂತಾನೆ. ಸ್ಪೀಕರ್ ಹಾಕಬೇಡಿ.

ಮಲಗುವ ಜಾಗವೂ ಹೊರಡುವ ಮೊದಲೇ ಆ ತಾಯಿಗೆ ಗೊತ್ತಿರಲಿ. ನಮ್ಮ ಅವ್ವ ಮೊದಲು ಕೇಳಿದ್ದೇ ಅದು. ಯಾವ ರೂಮು, ಯಾರ ಜೊತೆ, ಮತ್ತೆ ಯಾವ ಗಂಡಸರು ಬರುತ್ತಾರೆ ಅಂತ. ಹುಡುಗರಾದರೂ ಕೇಳಬೇಕಾದ್ದೇ.

ನವನಗರದ ಕಾಕಾ, ಬಾಗಲಕೋಟೆ

ಈ ಹುಡುಗಿ ಹೇಳಿದ್ದೇ ನಾನೂ ಹೇಳಿದ್ದು, ನನಗಿಂತ ಚಲೋ ಹೇಳಿದಳು. ಮಾಸ್ತರ, ನೀವು ಹೇಳಿದ ತಂಗಿಯ ಮಾತು ಒಪ್ಪಿದೆ, ಬಹುಮಾನದ ಮಾತು ಒಪ್ಪಲಿಲ್ಲ. ಹುಡುಗ ಗೆಳೆಯನನ್ನು ಕರೆದದ್ದು ಒಳ್ಳೆಯ ಗುಣ ರೀ, ಕೇಳದೆ ಕರೆದದ್ದಷ್ಟೇ ತಪ್ಪು.

ಜಲನಗರದ ಅವ್ವ

ಎಲ್ಲರಿಗೂ ಥ್ಯಾಂಕ್ಸ್. ಈಗ ಮನೆಯಲ್ಲಿ ಆದ ತೀರ್ಮಾನ ಹೇಳಿಬಿಡುತ್ತೇನೆ. ಗೋಕರ್ಣಕ್ಕೆ ನಾವು ಐದೇ ಜನ, ಅತ್ತೆಯ ಹರಕೆ, ಮಗಳ ಮರಳಿನ ಗುಡಿ. ಮಗ ಎರಡು ದಿನ ಮಾತು ಬಿಟ್ಟ, ಆಮೇಲೆ ಅವನೇ ಹೋಗಿ ಗೆಳೆಯನಿಗೆ ಹೇಳಿ ಬಂದ. ನಾನೂ ಹೋಗಿ ಆಕೆಗೆ ಹೇಳಿದೆ. ಆಕೆಗೆ ಬೇಸರ ಆಗುತ್ತದೆ ಅಂದುಕೊಂಡಿದ್ದೆ, "ವೈನಿ, ನನಗೂ ಸಮುದ್ರದ್ದೇ ಅಂಜಿಕೆ ಇತ್ತು" ಅಂದಳು.

ಬಾದಾಮಿ ಪಕ್ಕಾ. ಹುಡುಗ, ಅವನ ಅವ್ವ, ನಾನು, ಇಬ್ಬರು ಮಕ್ಕಳು. ಯಜಮಾನರು ಡ್ರೈವರ್ ಅಂತ ಮೊದಲು ಇತ್ತು! ಐದು ಸೀಟಿಗೆ ಒಬ್ಬರು ಜಾಸ್ತಿ ಆದೆವು ಅಂತ ಕಾಕಾ ಬೈಯುವ ಮೊದಲೇ ಹೇಳುತ್ತೇನೆ, ಬಸ್ಸಿಗೆ ಹೋಗುತ್ತೇವೆ, ಯಜಮಾನರು ಮನೆಯಲ್ಲಿ ಅತ್ತೆಯ ಜೊತೆ ಇರುತ್ತಾರೆ. ಆ ಹುಡುಗ ಎರಡನೇ ರೊಟ್ಟಿ ಕೇಳಿದರೆ ದಸರೆ ರಜೆಯಲ್ಲಿ ಎರಡು ರಾತ್ರಿ ದಾಂಡೇಲಿ ಕಡೆ ನೋಡೋಣ ಅಂತ ಇದೆ.

ಸಿಸ್ಟರ್, ಗೋಕರ್ಣದಲ್ಲಿ ಗುಡಿಗೆ ಹತ್ತಿರ, ಮೆಟ್ಟಿಲು ಕಡಿಮೆ ಇರುವ ರೂಮು ಸಿಗುತ್ತದಾ? ಅತ್ತೆಗೆ ಮೊಣಕಾಲು ನೋವು. ಕುಮಟಾದವರು ನೀವು, ನಿಮಗೆ ಗೊತ್ತಿರುತ್ತದೆ.