ನೋವು ನಿಂತ ಮೇಲೂ ರೂಟ್ ಕೆನಾಲ್ ಅಗತ್ಯವೇ?

ಪ್ರಶ್ನೆ:
ನಮ್ಮ ತಾಯಿಯವರಿಗೆ 58 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕೆಳಗಿನ ಮೊದಲ ದವಡೆ ಹಲ್ಲು ಹುಳುಕಾಗಿ, ಬಿಸಿ ಕಾಫಿ ತಾಗಿದರೆ ಸಾಕು, ಲೋಟ ಕೆಳಗಿಟ್ಟ ಮೇಲೂ ಬಹಳ ಹೊತ್ತು ಸೆಳೆಯುತ್ತಿತ್ತು. ರಾತ್ರಿ ಮಲಗಿದೊಡನೆ ನೋವು ಇನ್ನಷ್ಟು ಹೆಚ್ಚುತ್ತಿತ್ತು. ಲವಂಗ ಕಚ್ಚಿಕೊಂಡು ಕೆಲವು ದಿನ ದೂಡಿದರು, ಆಮೇಲೆ ಔಷಧದ ಅಂಗಡಿಯಿಂದ ಆಂಟಿಬಯಾಟಿಕ್ ತರಿಸಿ ನುಂಗಿದರು. ಈಗ ನೋವು ಪೂರ್ತಿ ನಿಂತಿದೆ. ಆದರೆ ದಂತವೈದ್ಯರು ಎಕ್ಸ್‌ರೇ ನೋಡಿ, ರೂಟ್ ಕೆನಾಲ್ ಮಾಡಿಸಿ, ಹಲ್ಲನ್ನು ಮುಚ್ಚುವ ಕ್ಯಾಪ್ ಹಾಕಿಸಲೇಬೇಕು ಎನ್ನುತ್ತಾರೆ. ನೋವೇ ಇಲ್ಲದ ಹಲ್ಲಿಗೆ ಅಷ್ಟು ಖರ್ಚೇಕೆ, ಬೇಕಾದರೆ ಕೀಳಿಸಿಬಿಡೋಣ ಎಂಬುದು ತಾಯಿಯವರ ವಾದ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ದಂತವೈದ್ಯೆ):
ತಾವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನೋವು ನಿಂತಿರುವುದು ಹಲ್ಲು ವಾಸಿಯಾದುದರಿಂದಲ್ಲ, ಒಳಗಿನ ನರ ಸತ್ತಿರುವುದರಿಂದ ಎಂದೇ ತೋರುತ್ತದೆ. ಹಲ್ಲಿನ ನಡುವೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ತಿರುಳಿದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ತಿರುಳು ಉರಿಯೂತದಿಂದ ಉಬ್ಬಲು ನೋಡುತ್ತದೆ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಒತ್ತಡ ಹೆಚ್ಚಿ ಅಸಾಧ್ಯ ನೋವಾಗುತ್ತದೆ. ತಿರುಳು ಸತ್ತ ಮೇಲೆ ನೋವನ್ನು ಹೇಳುವ ನರವೇ ಉಳಿದಿರುವುದಿಲ್ಲ, ಆದರೆ ಸೂಕ್ಷ್ಮಾಣುಗಳು ಬೇರಿನ ತುದಿಯಿಂದ ಹೊರಬಂದು ದವಡೆಯ ಮೂಳೆಯನ್ನು ಸವೆಸುತ್ತಾ ಹೋಗುತ್ತವೆ. ತಿಂಗಳುಗಳ ನಂತರ ಒಮ್ಮೆಗೇ ಕೆನ್ನೆ ಊದಿಕೊಂಡು ಬರುವವರಲ್ಲಿ ಅನೇಕರದು ಇದೇ ಕಥೆ.

ಆಂಟಿಬಯಾಟಿಕ್ ರಕ್ತದ ಮೂಲಕ ಸಾಗುವ ಔಷಧ. ರಕ್ತಸಂಚಾರವೇ ನಿಂತುಹೋದ ಬೇರುನಾಳದೊಳಕ್ಕೆ ಅದು ತಲುಪುವ ದಾರಿಯಿಲ್ಲ. ಆದ್ದರಿಂದ ಒಳಗಿನದನ್ನು ಕೈಯಿಂದಲೇ ತೆಗೆಯಬೇಕು, ಅದೇ ರೂಟ್ ಕೆನಾಲ್. ಅರಿವಳಿಕೆ ಕೊಟ್ಟು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಫೈಲು ಎಂಬ ತೆಳ್ಳನೆಯ ಅರಗಳಿಂದ ನಾಳಗಳನ್ನು ಉಜ್ಜಿ, ಸೂಕ್ಷ್ಮಾಣುಗಳನ್ನು ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆದು, ಕೊನೆಗೆ ಗಟ್ಟಾಪರ್ಚಾ ಎಂಬ, ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತುವನ್ನು ತುಂಬುತ್ತೇವೆ. ತಾಯಿಯವರ ಹಲ್ಲಿನಲ್ಲಿ ಸಾಮಾನ್ಯವಾಗಿ 3 ನಾಳಗಳು, ಕೆಲವರಲ್ಲಿ 4 ಇರುತ್ತವೆ. ಒಂದನ್ನು ಬಿಟ್ಟರೂ ಸೋಂಕು ಮರುಕಳಿಸಬಹುದು. ವೈದ್ಯರು ಎರಡು ಮೂರು ಬಾರಿ ಬರಹೇಳಿದರೆ ಅದನ್ನು ಹಣ ಕೀಳುವ ಉಪಾಯವೆಂದೇ ತಿಳಿಯಬೇಡಿ.

ಸಕ್ಕರೆ ಕಾಯಿಲೆ ಈ ಚಿಕಿತ್ಸೆಗೆ ಅಡ್ಡಿಯಲ್ಲ. ಎಂದಿನಂತೆ ಊಟ ಮಾಡಿ, ಮಾತ್ರೆ ತೆಗೆದುಕೊಂಡು ಬರಲಿ. ಇತ್ತೀಚಿನ ರಕ್ತ ಪರೀಕ್ಷೆಯ ವರದಿಯೂ ಜೊತೆಗಿರಲಿ. ಸೋಂಕನ್ನು ಹಾಗೆಯೇ ಬಿಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಉತ್ತರ 2:
ವೈದ್ಯರ ಮಾತಿಗೆ ಕ್ಯಾಪ್ ವಿಷಯವೊಂದನ್ನು ಸೇರಿಸುತ್ತೇನೆ. ನಮ್ಮ ಚಿಕ್ಕಪ್ಪನವರು ರೂಟ್ ಕೆನಾಲ್ ಮುಗಿದೊಡನೆ ನೋವಿಲ್ಲವೆಂದು ಕ್ಯಾಪ್ ಮುಂದೂಡುತ್ತಾ ಬಂದರು. ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಬೇರಿನವರೆಗೂ ಸೀಳಿಹೋಯಿತು, ಕೀಳದೆ ಬೇರೆ ದಾರಿಯಿರಲಿಲ್ಲ. ಹುಳುಕಿಗೂ ಚಿಕಿತ್ಸೆಗೂ ಸಾಕಷ್ಟು ಭಾಗ ಕಳೆದುಕೊಂಡ ದವಡೆ ಹಲ್ಲಿಗೆ ಜಗಿಯುವ ಭಾರ ತಡೆಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಕ್ಯಾಪ್‌ನ ಬೆಲೆಯನ್ನೂ ಮೊದಲೇ ಕೇಳಿ, ಒಟ್ಟು ಖರ್ಚನ್ನು ಲೆಕ್ಕ ಹಾಕಿ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಕೀಳಿಸುವುದು ಸಂಪೂರ್ಣ ತಪ್ಪೇ? ಚಿಕಿತ್ಸೆಯಾದ ಮೇಲೆ ನೋವಿರುತ್ತದೆಯೇ?

ಉತ್ತರ 3 (ದಂತವೈದ್ಯೆ):
ತಪ್ಪೆನ್ನಲಾರೆ. ಬೇರು ಸೀಳಿದ್ದರೆ, ಅಥವಾ ಕ್ಯಾಪ್ ಹಿಡಿಸುವಷ್ಟು ಹಲ್ಲೇ ಉಳಿದಿರದಿದ್ದರೆ ಕೀಳುವುದೇ ಸರಿ. ಆದರೆ ಕಿತ್ತ ಜಾಗ ಖಾಲಿ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ, ಮೇಲಿನ ಹಲ್ಲು ಕೆಳಗಿಳಿಯುತ್ತದೆ. ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಇಂಪ್ಲಾಂಟ್ (ಮೂಳೆಯಲ್ಲಿ ತಿರುಪು ನೆಟ್ಟು ಕೂರಿಸುವ ಕೃತಕ ಹಲ್ಲು) ಹಾಕಿಸಹೊರಟರೆ ಕಡಿಮೆ ಖರ್ಚಿನ ಲೆಕ್ಕವೇ ತಲೆಕೆಳಗಾಗುತ್ತದೆ.

ಚಿಕಿತ್ಸೆಯ ನಂತರ ಕೆಲವು ದಿನ ಕಚ್ಚಿದಾಗ ನೋಯುವುದು ಸಹಜ. ನೋವು ದಿನೇ ದಿನೇ ಹೆಚ್ಚಿದರೆ, ಬಾವು ಅಥವಾ ಜ್ವರ ಬಂದರೆ ಕೂಡಲೇ ತೋರಿಸಿ. ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಮುಗಿದಾಗ ತೆಗೆದ ಎಕ್ಸ್‌ರೇಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಮೂಳೆ ಮತ್ತೆ ತುಂಬಿಕೊಳ್ಳುತ್ತಿದೆಯೇ ಎಂಬುದನ್ನು ಮುಂದಿನ ವರ್ಷದ ಎಕ್ಸ್‌ರೇಯೊಡನೆ ಹೋಲಿಸಲು ಅದು ಬೇಕಾಗುತ್ತದೆ.