ಅದೇ ಬಕೆಟ್ಟು

ಚಿಕ್ಕಪ್ಪ: (ಫಾರ್ವರ್ಡ್ ಆದ ವಿಡಿಯೊ) ಹೆಂಗಸರು ಭಾರ ಎತ್ತಿದರೆ ಮೈ ಗಂಡಸರ ಥರ ಆಗುತ್ತಂತೆ, ಗರ್ಭಕೋಶ ಜಾರುತ್ತಂತೆ. ಎಲ್ಲರೂ ಒಂದ್ಸಲ ನೋಡಿ.

ಅಕ್ಕ: ನನಗೇ ಕಳಿಸಿದ್ದು ಅಂತ ಗೊತ್ತಾಯ್ತು ಚಿಕ್ಕಪ್ಪ. ಜಿಮ್ ಸೇರಿ ಏಳು ತಿಂಗಳಾಯ್ತು. ಗಂಡಸರ ಮೈಕಟ್ಟು ಬರೋಕೆ ಸ್ನಾಯು ಬೆಳೆಸೋ ಹಾರ್ಮೋನು ಟೆಸ್ಟೋಸ್ಟೆರಾನ್ ಅಷ್ಟು ನಮ್ಮಲ್ಲಿ ಎಲ್ಲಿದೆ?

ಚಿಕ್ಕಪ್ಪ: ವ್ಯಾಯಾಮವೇ ಬೇಡ ಅಂದೆನಾ? ವಾಕಿಂಗ್ ಮಾಡಿ. ಬಕೆಟ್ ಎತ್ತೋದು, ನೆಲ ಒರೆಸೋದು, ಮನೆಕೆಲಸದಲ್ಲೇ ಬೇಕಾದಷ್ಟಿದೆ ಕಣಮ್ಮ.

ಅತ್ತೆ: ಅಣ್ಣ ಹೇಳೋದು ಸರಿ. ನಾವೆಲ್ಲ ಯಾವ ಡಂಬೆಲ್ ಎತ್ತಿದ್ವಿ?

ನಾನು: ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ನೆಲದಿಂದ ಏಳೋಕೆ ಗೋಡೆ ಹಿಡ್ಕೊಳ್ತೀರಿ. ಮನೆಕೆಲಸದಲ್ಲಿ ಬೆವರು ಬರುತ್ತೆ, ಸುಸ್ತೂ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಮೂವತ್ತು ವರ್ಷದಿಂದ ಅದೇ ಬಕೆಟ್ಟು, ಅದೇ ನೀರು. ಸ್ನಾಯುಗಳಿಗೆ ರೂಢಿಯಾಗಿ ಹೋಗಿದೆ. ತೂಕ ಸ್ವಲ್ಪಸ್ವಲ್ಪ ಏರ್ತಾ ಹೋದರೇನೇ ಅವು ಬಲಿಯೋದು. ಮುಟ್ಟು ನಿಂತ ಮೇಲೆ ಮೂಳೆ ಕಾಯೋ ಹಾರ್ಮೋನು ಈಸ್ಟ್ರೋಜನ್ ಇಳಿದು ಮೂಳೆ ಕಟ್ಟೋದಕ್ಕಿಂತ ಸವೆಯೋದೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಾರಕ್ಕೆ 150 ನಿಮಿಷವಾದರೂ ಬಿರುಸು ನಡಿಗೆಯಂಥದ್ದು, ಅದರ ಜೊತೆಗೆ 2 ದಿನವಾದರೂ ಸ್ನಾಯು ಬಲಪಡಿಸೋ ವ್ಯಾಯಾಮ. ಗಂಡಸರಿಗೊಂದು, ಹೆಂಗಸರಿಗೊಂದು ಅಂತ ಬೇರೆ ಲೆಕ್ಕ ಇಲ್ಲ.

ಅತ್ತೆ: ಗೋಡೆ ಹಿಡ್ಕೊಳ್ಳೋದು ನೀನ್ಯಾವಾಗ ನೋಡಿದೆ?

ನಾನು: ಬಂದಾಗಲೆಲ್ಲ ನೋಡ್ತೀನಿ ಅತ್ತೆ. ಹೊಟ್ಟೆ ಚುರುಕ್ ಅನ್ನುತ್ತೆ.

ಚಿಕ್ಕಪ್ಪ: ಸರಿ, ಗರ್ಭಕೋಶದ ಮಾತು? ಈ ವಯಸ್ಸಲ್ಲಿ ಹೆಚ್ಚುಕಮ್ಮಿ ಆದರೆ?

ಅಕ್ಕ: ಅದು ಕೇಳಬೇಕಾದ ಮಾತೇ. ಈಗಾಗಲೇ ಜಾರಿದ್ದರೆ, ಅಥವಾ ಬಾಣಂತಿಯಾಗಿದ್ದರೆ, ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳದೆ ಭಾರ ಮುಟ್ಟಬಾರದು. ಉಳಿದವರೂ ಕಮ್ಮಿ ತೂಕದಿಂದಲೇ ಶುರು ಮಾಡಬೇಕು, ಎತ್ತುವಾಗ ಉಸಿರು ಬಿಗಿಹಿಡಿಯದೆ ಹೊರಗೆ ಬಿಡಬೇಕು. ವಯಸ್ಸು ಅಂದಿರಲ್ಲ, 1990ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮದ 90ರ ಆಸುಪಾಸಿನವರು 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದ್ರು. ಕಾಲಿನ ಬಲ ಸರಾಸರಿ ದುಪ್ಪಟ್ಟಿಗಿಂತ ಜಾಸ್ತಿ ಆಯ್ತು. ಹತ್ತೇ ಜನರ ಅಧ್ಯಯನ, ನಿಜ. ಆದರೂ ಅತ್ತೆಗಿನ್ನೂ ಅರವತ್ತೆರಡು!

ಚಿಕ್ಕಪ್ಪ: ಡಾಕ್ಟರನ್ನ ಕೇಳಿ ಮಾಡೋದಾದ್ರೆ ನನ್ನ ತಕರಾರಿಲ್ಲ.

ಅತ್ತೆ: ಕೈ ಊರದೆ ಕುರ್ಚಿಯಿಂದ ಏಳೋಕೆ ಈಗ ನೋಡಿದೆ. ಎರಡು ಸಲ ಆಯ್ತು. ಮೂರನೇದಕ್ಕೆ ಕಾಲು ನಡುಗಿತು.

ಅಕ್ಕ: ಇವತ್ತಿಗೆ ಅಷ್ಟೇ ಸಾಕು ಅತ್ತೆ. ನಾಡಿದ್ದು ಕೂರೋಕೆ ಸ್ವಲ್ಪ ಎತ್ತರದ್ದು ಹುಡುಕಿ ಇಡಿ, ನಾನು ಬರ್ತೀನಿ.